ಮೇಷ್ಟರಿಗೂ ಒಂದು ಪಾಠಶಾಲೆ

ಕೆಲಸಕ್ಕೆ ಸೇರಿದ ಮೇಲೆ ಮೇಷ್ಟರು ಕಲಿಯುವುದೇನಿದೆ ಎಂದು ಕೇಳುವವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಈ ಪ್ರಶ್ನೆಗೆ ಉತ್ತರ ಹುಡುಕಿದ ಊರುಗಳಲ್ಲಿ ಮೈಸೂರು ಮುಖ್ಯವಾದದ್ದು.

ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರಗಳ ಜೊತೆಗೆ ಮೈಸೂರಿನಲ್ಲೂ ಪ್ರಾದೇಶಿಕ ಶಿಕ್ಷಣ ಕಾಲೇಜನ್ನು ತೆರೆಯಿತು. ಮಾನಸಗಂಗೋತ್ರಿಯಲ್ಲಿರುವ ಈಗಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೇ ಅದು. ಮೊದಲು ಪದವಿ, ಆಮೇಲೆ ಶಿಕ್ಷಕ ತರಬೇತಿ ಎಂಬುದು ಅಂದಿನ ವಾಡಿಕೆ. ಇಲ್ಲಿ ವಿಜ್ಞಾನವನ್ನೂ ಅದನ್ನು ಕಲಿಸುವ ಬಗೆಯನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಯಬೇಕಿತ್ತು. ಪ್ರಯೋಗ ಮಾಡುವಾಗಲೇ ‘ಇದನ್ನು ಮಗುವಿಗೆ ಹೇಗೆ ತೋರಿಸಲಿ’ ಎಂದು ಯೋಚಿಸುವ ಅಭ್ಯಾಸ ಬರಲಿ ಎಂಬುದು ಆಶಯ. ಆವರಣದಲ್ಲೇ ಒಂದು ಪ್ರಾತ್ಯಕ್ಷಿಕೆ ಶಾಲೆಯೂ ಉಂಟು.

ಆದರೆ ಇದು ಮೈಸೂರಿನವರೆಗೆ ಬಂದವರ ಮಾತಾಯಿತು. ಆಗಲೇ ಹಳ್ಳಿಗಳಲ್ಲಿ ಪಾಠ ಮಾಡುತ್ತಿದ್ದ ಸಾವಿರಾರು ಉಪಾಧ್ಯಾಯರ ಗತಿ? ಅವರನ್ನು ಮುಟ್ಟಲು ಸರ್ಕಾರಗಳು ಯಂತ್ರದ ಮೊರೆ ಹೋದವು. ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು 1975ರ ಆಗಸ್ಟಿನಿಂದ ಒಂದು ವರ್ಷ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅದಕ್ಕೆ ಸೇರಿದ್ದವು. ಆರೂ ರಾಜ್ಯಗಳಲ್ಲಿ ಸುಮಾರು 50,000 ಪ್ರಾಥಮಿಕ ಶಿಕ್ಷಕರು ಹನ್ನೆರಡು ದಿನಗಳ ವಿಜ್ಞಾನ ತರಬೇತಿಯನ್ನು ಹೀಗೆ ಪಡೆದರು. ವರ್ಷ ತುಂಬಿತು, ಪ್ರಯೋಗವೂ ಮುಗಿಯಿತು.

ಪರದೆಗೆ ಕಿವಿ ಬಂದದ್ದು 1996ರ ಜನವರಿಯಲ್ಲಿ. ಕರ್ನಾಟಕದ 20 ಕೇಂದ್ರಗಳಲ್ಲಿ ಕುಳಿತ ಸುಮಾರು 850 ಶಿಕ್ಷಕರು ಉಪಗ್ರಹದ ಮೂಲಕ ತಜ್ಞರ ಮಾತು ಕೇಳಿ ಫೋನಿನಲ್ಲಿ ಪ್ರಶ್ನೆ ಹಾಕಬಹುದಿತ್ತು. ದೊಡ್ಡ ಹೆಜ್ಜೆಯೇ ಸರಿ. ಆದರೂ ಒಂದು ಪರದೆಯ ಎದುರು ಅಷ್ಟು ಮಂದಿ. ಎಲ್ಲರ ಸಂದೇಹಕ್ಕೂ ಸಮಯ ಸಿಗುವುದು ಲೆಕ್ಕಕ್ಕೆ ಕೂಡದ ಮಾತು.

ಇದಕ್ಕೆ ಒಂದು ವರ್ಷ ಮೊದಲು, 1995ರಲ್ಲಿ, ಮೈಸೂರು ಜಿಲ್ಲೆಯ ಕಾಡಂಚಿನ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಬೇರೆಯೇ ಒಂದು ಕೆಲಸ ಶುರುವಾಗಿತ್ತು. ಯುನಿಸೆಫ್ ನೆರವಿನಿಂದ ಅಲ್ಲಿಯ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಗೆ ಹೋದರು. ಒಬ್ಬರೇ ಶಿಕ್ಷಕರು ಹಲವು ತರಗತಿಗಳ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕಲಿಸುವುದನ್ನು ನೋಡಿದರು. ಕೋಟೆ ತಾಲ್ಲೂಕಿನ ಶಾಲೆಗಳ ಕಷ್ಟವೂ ಅದೇ ತಾನೇ! ಹಿಂದಿರುಗಿ ಬಂದವರು ನಕಲು ಮಾಡಲಿಲ್ಲ. ಪಠ್ಯಪುಸ್ತಕವನ್ನು ಬಿಡಿಸಿ, ತಮ್ಮ ಮಕ್ಕಳಿಗೆ ಒಗ್ಗುವಂತೆ ಹಾಡು, ಕಥೆ, ಆಟ, ಲೆಕ್ಕಗಳನ್ನು ಕಾರ್ಡುಗಳಾಗಿ ಬರೆದರು. ಕಾರ್ಡುಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರು. ಇದೇ ‘ನಲಿ ಕಲಿ’.

ತರಗತಿಯ ರೂಪವೇ ಬದಲಾಯಿತು. ಮೇಷ್ಟರು ಕುರ್ಚಿ ಬಿಟ್ಟು ನೆಲದ ಮೇಲೆ ಮಕ್ಕಳ ನಡುವೆ ಕುಳಿತರು. ಕಪ್ಪು ಹಲಗೆ ಗೋಡೆಯ ಸುತ್ತ ಮಗುವಿನ ಕೈಗೆಟುಕುವಷ್ಟು ಕೆಳಕ್ಕಿಳಿಯಿತು. ತಲೆಯ ಮೇಲೆ ದಾರದ ಚಪ್ಪರ. ಅದರಲ್ಲಿ ಮಕ್ಕಳು ಬರೆದ ಚಿತ್ರಗಳು. ಯಾವ ಮೆಟ್ಟಿಲಲ್ಲಿ ತಾನಿದ್ದೇನೆಂದು ಮಗು ತಾನೇ ನೋಡಿ ಕಾರ್ಡು ತೆಗೆದುಕೊಳ್ಳುತ್ತದೆ. ಕೆಲವು ಗುಂಪುಗಳಿಗೆ ಶಿಕ್ಷಕರ ನೆರವು, ಕೆಲವಕ್ಕೆ ಗೆಳೆಯರದು, ಇನ್ನು ಕೆಲವಕ್ಕೆ ತಮ್ಮದೇ. ರಜೆಯಲ್ಲಿದ್ದು ಬಂದ ಮಗು ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಕೂಲಿಗೆ ಅಲೆಯುವ ಕುಟುಂಬಗಳಿರುವ ಕಡೆ ಇದು ಸಣ್ಣ ಸಂಗತಿಯಲ್ಲ. ನನ್ನ ಮಟ್ಟಿಗೆ, ಆ ಕಾಲದ ಅತ್ಯುತ್ತಮ ಶೈಕ್ಷಣಿಕ ತಂತ್ರಜ್ಞಾನ ರಟ್ಟಿನ ಆ ಕಾರ್ಡೇ.

2009-10ರಲ್ಲಿ ನಲಿ ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಹರಡಿತು. ಅತ್ತ 2004ರಲ್ಲಿ ಹಾರಿದ ಎಜುಸ್ಯಾಟ್ ನೆರೆಯ ಚಾಮರಾಜನಗರ ಜಿಲ್ಲೆಯ 885 ಶಾಲೆಗಳಿಗೆ ಪಾಠ ಇಳಿಸಿ, 2010ರಲ್ಲಿ ಸೇವೆ ಮುಗಿಸಿತು. 2020ರಲ್ಲಿ ‘ನಿಷ್ಠಾ’ ತರಬೇತಿ ‘ದೀಕ್ಷಾ’ ತಾಣದ ಮೂಲಕ ಶಿಕ್ಷಕರ ಮೊಬೈಲಿಗೇ ಬಂತು.

ಉಳಿದ ತೊಡಕು ಬೇರೆಯದು. ಕೋಟೆ ತಾಲ್ಲೂಕಿನಲ್ಲಿ ಕೈಯಾರೆ ಬರೆದವರಿಗೆ ಯಾವ ಕಾರ್ಡು ಯಾವುದರ ಹಿಂದೆ ಏಕೆ ಬರಬೇಕೆಂಬುದು ಗೊತ್ತಿತ್ತು. ಮಗು ತಡವರಿಸಿದರೆ ಕಾರ್ಡನ್ನೇ ತಿದ್ದುತ್ತಿದ್ದರು. ಅಚ್ಚಾಗಿ ಬಂದ ಕಟ್ಟು ಬಿಚ್ಚಿದ ಸಾವಿರಾರು ಶಿಕ್ಷಕರಿಗೆ ಅದನ್ನು ಕೆಲವೇ ದಿನಗಳ ತರಬೇತಿಯಲ್ಲಿ ಹೇಳಿಕೊಡಬೇಕಾಯಿತು.