ವ್ಯಾಯಾಮದ ವೇಳೆ ಮತ್ತು ಆರೋಗ್ಯ

ವ್ಯಾಯಾಮದ ವೇಳೆ ಎಂದರೆ ದಿನದ ಯಾವ ಹೊತ್ತಿನಲ್ಲಿ ವ್ಯಾಯಾಮ ಮಾಡಲಾಗುತ್ತದೆ ಎಂಬುದು. ಒಂದೇ ಬಗೆಯ ವ್ಯಾಯಾಮವು ಬೆಳಗ್ಗೆ, ಮಧ್ಯಾಹ್ನ ಮತ್ತು ಸಂಜೆ ರಕ್ತದ ಸಕ್ಕರೆ, ರಕ್ತದೊತ್ತಡ, ಸ್ನಾಯುಬಲಗಳ ಮೇಲೆ ತುಸು ಭಿನ್ನವಾದ ಪರಿಣಾಮ ಬೀರುತ್ತದೆಂದು ಹಲವು ಅಧ್ಯಯನಗಳು ಸೂಚಿಸಿವೆ. ಆದರೆ ಎಲ್ಲರಿಗೂ ಹೊಂದುವ ಒಂದೇ ಉತ್ತಮ ವೇಳೆ ಇದೆಯೆಂದು ಸಿದ್ಧಪಟ್ಟಿಲ್ಲ. ಯಾವ ವೇಳೆಯಲ್ಲಿ ಮಾಡಿದರೂ ನಿಯಮಿತ ವ್ಯಾಯಾಮವು ಆರೋಗ್ಯಕ್ಕೆ ಹಿತಕರವಾಗಿದೆ.

ದೇಹದ ದೈನಿಕ ಲಯ

ಮಾನವ ದೇಹದ ಬಹುತೇಕ ಕ್ರಿಯೆಗಳು ಸುಮಾರು 24 ಗಂಟೆಗಳ ಲಯವನ್ನು ಅನುಸರಿಸುತ್ತವೆ. ಈ ಲಯವನ್ನು ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿರುವ ನರಕೋಶಗಳ ಒಂದು ಸಣ್ಣ ಗುಂಪು ನಿಯಂತ್ರಿಸುತ್ತದೆ. ಸ್ನಾಯು, ಯಕೃತ್ತು ಮೊದಲಾದ ಅಂಗಗಳ ಜೀವಕೋಶಗಳಲ್ಲಿಯೂ ಇಂತಹ ಜೈವಿಕ ಗಡಿಯಾರಗಳಿವೆ. ದೈನಿಕ ಲಯವನ್ನು ನಿಯಂತ್ರಿಸುವ ಅಣುಮಟ್ಟದ ವ್ಯವಸ್ಥೆಯನ್ನು ಶೋಧಿಸಿದ ಜೆಫ್ರಿ ಹಾಲ್, ಮೈಕೆಲ್ ರಾಸ್ಬಾಶ್ ಮತ್ತು ಮೈಕೆಲ್ ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ದೇಹದ ಉಷ್ಣತೆಯು ನಸುಕಿನಲ್ಲಿ ಅತಿ ಕಡಿಮೆಯಿದ್ದು ಸಂಜೆಯ ಹೊತ್ತಿಗೆ ಗರಿಷ್ಠ ಮಟ್ಟಕ್ಕೆ ಏರುತ್ತದೆ. ಕಾರ್ಟಿಸಾಲ್ ಹಾರ್ಮೋನು ಎಚ್ಚರಗೊಂಡ ಬಳಿಕ ಅರ್ಧ ಗಂಟೆಯ ಆಸುಪಾಸಿನಲ್ಲಿ ಹೆಚ್ಚಿರುತ್ತದೆ. ಸ್ನಾಯುಬಲವು ಸಾಮಾನ್ಯವಾಗಿ ಸಂಜೆ 4ರಿಂದ 8ರ ನಡುವೆ ಅಧಿಕವಾಗಿರುತ್ತದೆ.

ಬೆಳಗಿನ ವ್ಯಾಯಾಮ

ಭಾರತೀಯ ಪರಂಪರೆಯಲ್ಲಿ ವ್ಯಾಯಾಮವು ಬೆಳಗಿನ ಕ್ರಿಯೆಯೆನಿಸಿದೆ. ವಾಗ್ಭಟನ ಅಷ್ಟಾಂಗಹೃದಯದ ದಿನಚರ್ಯೆ ಅಧ್ಯಾಯದಲ್ಲಿ ಅಭ್ಯಂಗದ ನಂತರ, ಸ್ನಾನಕ್ಕೆ ಮೊದಲು ವ್ಯಾಯಾಮದ ಪ್ರಸ್ತಾಪವಿದೆ.

2022ರಲ್ಲಿ ಪ್ರಕಟವಾದ ಅಮೆರಿಕದ ಸ್ಕಿಡ್ಮೋರ್ ಕಾಲೇಜಿನ 12 ವಾರಗಳ ಅಧ್ಯಯನದಲ್ಲಿ, ಬೆಳಗ್ಗೆ ವ್ಯಾಯಾಮ ಮಾಡಿದ ಮಹಿಳೆಯರ ಹೊಟ್ಟೆಯ ಕೊಬ್ಬು ಮತ್ತು ರಕ್ತದೊತ್ತಡ ಹೆಚ್ಚು ಇಳಿದವು. ಸಂಜೆ ಮಾಡಿದ ಮಹಿಳೆಯರಲ್ಲಿ ದೇಹದ ಮೇಲ್ಭಾಗದ ಸ್ನಾಯುಬಲ ಹೆಚ್ಚಿತು. ಪುರುಷರಲ್ಲಿ ರಕ್ತದೊತ್ತಡ ಇಳಿಸಲು ಸಂಜೆಯ ವ್ಯಾಯಾಮವೇ ಹೆಚ್ಚು ಸಹಾಯಕವಾಯಿತು. ಇತರ ಕೆಲಸಗಳು ಅಡ್ಡಬರುವ ಮೊದಲೇ ಮುಗಿಯುವುದು ಬೆಳಗಿನ ವ್ಯಾಯಾಮದ ವ್ಯಾವಹಾರಿಕ ಅನುಕೂಲವಾಗಿದೆ.

ಮಧ್ಯಾಹ್ನ ಮತ್ತು ಸಂಜೆಯ ವ್ಯಾಯಾಮ

ಸ್ವೀಡನ್ನಿನ ಕರೊಲಿನ್ಸ್ಕಾ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟೈಪ್ 2 ಮಧುಮೇಹವಿದ್ದ 11 ಪುರುಷರು ಎರಡು ವಾರ ಬೆಳಗ್ಗೆ ಮತ್ತು ಎರಡು ವಾರ ಮಧ್ಯಾಹ್ನದ ನಂತರ ಬಿರುಸಿನ ವ್ಯಾಯಾಮ ಮಾಡಿದರು. ಮಧ್ಯಾಹ್ನದ ನಂತರ ಮಾಡಿದಾಗ ಅವರ ರಕ್ತದ ಸಕ್ಕರೆ ಇಳಿಯಿತು. ಬೆಳಗ್ಗೆ ಮಾಡಿದಾಗ ಏರಿತು.

ಯುಕೆ ಬಯೋಬ್ಯಾಂಕ್ ಎಂಬುದು ಬ್ರಿಟನ್ನಿನ ಬೃಹತ್ ಆರೋಗ್ಯ ಮಾಹಿತಿ ಸಂಗ್ರಹ. ಇದರಲ್ಲಿ ಮಣಿಕಟ್ಟಿಗೆ ಚಲನಮಾಪಕ ಧರಿಸಿದ್ದ 92,139 ಜನರ ಮಾಹಿತಿಯನ್ನು ಆಧರಿಸಿದ 2023ರ ವರದಿಯ ಪ್ರಕಾರ, ಯಾವ ಹೊತ್ತಿನ ದೈಹಿಕ ಚಟುವಟಿಕೆಯೂ ಕಡಿಮೆ ಮರಣ ಪ್ರಮಾಣದೊಂದಿಗೆ ಸಂಬಂಧ ಹೊಂದಿತ್ತು. ಬೆಳಗ್ಗೆ 11ರಿಂದ ಸಂಜೆ 5ರ ನಡುವೆ ಹೆಚ್ಚು ಚಟುವಟಿಕೆಯಿಂದಿದ್ದವರಲ್ಲಿ ಅದು ಮುಂಜಾನೆಯವರಿಗಿಂತ ಕಡಿಮೆಯಿತ್ತು. ಇದೇ ಸಂಗ್ರಹದ ಸುಮಾರು 30,000 ಸ್ಥೂಲಕಾಯಿಗಳ ಕುರಿತ 2024ರ ಅಧ್ಯಯನದಲ್ಲಿ ಸಂಜೆ 6ರ ನಂತರ ಚಟುವಟಿಕೆಯಿಂದಿದ್ದವರಲ್ಲಿ ಮರಣ ಪ್ರಮಾಣ ಅತಿ ಕಡಿಮೆಯಿತ್ತು.

ಊಟದ ನಂತರದ ನಡಿಗೆ

ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ 2016ರ ಅಧ್ಯಯನದಲ್ಲಿ ಟೈಪ್ 2 ಮಧುಮೇಹಿಗಳು ಪ್ರತಿ ಮುಖ್ಯ ಊಟದ ನಂತರ 10 ನಿಮಿಷ ನಡೆದಾಗ, ದಿನಕ್ಕೊಮ್ಮೆ 30 ನಿಮಿಷ ನಡೆದಾಗಿಗಿಂತ ಊಟದ ನಂತರದ ರಕ್ತದ ಸಕ್ಕರೆ ಸರಾಸರಿ 12% ಕಡಿಮೆಯಿತ್ತು. ರಾತ್ರಿಯೂಟದ ನಂತರ ಈ ಇಳಿಕೆ 22% ಇತ್ತು. ಕೆಲಸ ಮಾಡುವ ಸ್ನಾಯುಗಳು ಆಗ ತಾನೆ ರಕ್ತಕ್ಕೆ ಸೇರಿದ ಗ್ಲೂಕೋಸನ್ನು ಬಳಸಿಕೊಳ್ಳುವುದೇ ಇದಕ್ಕೆ ಕಾರಣ.

ನಿದ್ರೆಯ ಮೇಲೆ ಪರಿಣಾಮ

ಸಂಜೆಯ ವ್ಯಾಯಾಮ ನಿದ್ರೆಗೆಡಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. 2019ರಲ್ಲಿ ಪ್ರಕಟವಾದ, 23 ಅಧ್ಯಯನಗಳ ಪರಾಮರ್ಶೆಯು ಇದನ್ನು ಸಾಮಾನ್ಯವಾಗಿ ಸಮರ್ಥಿಸಲಿಲ್ಲ. ಮಲಗುವುದಕ್ಕೆ ಒಂದು ಗಂಟೆಗೂ ಕಡಿಮೆ ಅವಧಿ ಇರುವಾಗ ಮುಗಿಯುವ ಬಿರುಸಿನ ವ್ಯಾಯಾಮ ಮಾತ್ರ ನಿದ್ರೆ ಬರುವುದನ್ನು ತಡಮಾಡಬಹುದು.

ಅಧ್ಯಯನಗಳ ಮಿತಿಗಳು

ಬಯೋಬ್ಯಾಂಕ್ ಅಧ್ಯಯನಗಳು ಅವಲೋಕನವನ್ನು ಆಧರಿಸಿದವು. ಅವು ಸಂಬಂಧವನ್ನು ತೋರಿಸುತ್ತವೆ, ಕಾರಣವನ್ನು ಸಾಬೀತುಪಡಿಸುವುದಿಲ್ಲ. ಉದ್ಯೋಗ, ನಿದ್ರೆ, ಆಹಾರಪದ್ಧತಿಗಳೂ ವ್ಯಾಯಾಮದ ವೇಳೆಯನ್ನು ಪ್ರಭಾವಿಸುತ್ತವೆ. ಪ್ರಯೋಗಾತ್ಮಕ ಅಧ್ಯಯನಗಳಲ್ಲಿ ಭಾಗವಹಿಸಿದವರ ಸಂಖ್ಯೆ ಚಿಕ್ಕದು. ಫಲಿತಾಂಶಗಳು ಪರಸ್ಪರ ಹೊಂದದಿರಲು ಇವೂ ಕಾರಣಗಳಾಗಿರಬಹುದು.

ವೇಳೆಯ ಆಯ್ಕೆ

ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷಗಳ ತೀವ್ರ ಶ್ರಮವನ್ನು ಶಿಫಾರಸು ಮಾಡುತ್ತದೆ. ದಿನದ ವೇಳೆಯನ್ನು ನಿಗದಿಪಡಿಸಿಲ್ಲ. ಆದ್ದರಿಂದ ಬೆಳಗ್ಗೆ ಬಿಡುವಿಲ್ಲದವರು ವ್ಯಾಯಾಮವನ್ನೇ ಕೈಬಿಡುವುದಕ್ಕಿಂತ ಅನುಕೂಲವಾದ ಬೇರೆ ಹೊತ್ತನ್ನು ಆರಿಸಿಕೊಳ್ಳುವುದು ಮೇಲು.

ಬೇಸಗೆಯಲ್ಲಿ ಹೊರಾಂಗಣ ವ್ಯಾಯಾಮಕ್ಕೆ ನಡುಹಗಲು ಸೂಕ್ತವಲ್ಲ. ಚಳಿಗಾಲದಲ್ಲಿ ಉತ್ತರ ಭಾರತದ ನಗರಗಳಲ್ಲಿ ಮುಂಜಾನೆ ಹೊಗೆ ಮತ್ತು ಧೂಳು ನೆಲಮಟ್ಟದಲ್ಲಿ ದಟ್ಟವಾಗಿರುತ್ತವೆ. ಇನ್ಸುಲಿನ್ ಪಡೆಯುವ ಮಧುಮೇಹಿಗಳಲ್ಲಿ ವ್ಯಾಯಾಮದ ವೇಳೆ ಬದಲಾದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯುವ ಸಾಧ್ಯತೆ ಇರುತ್ತದೆ. ಅಂಥವರೂ ಹೃದ್ರೋಗಿಗಳೂ ವೈದ್ಯರ ಸಲಹೆ ಪಡೆದು ವೇಳೆಯನ್ನು ನಿರ್ಧರಿಸುವುದು ಅಗತ್ಯ.