ವಿಶ್ವವಿದ್ಯಾಲಯದ ಕಾರಕೂನರು

ಮುಂಬಯಿಯ ಕೋಟೆ ಪ್ರದೇಶದಲ್ಲಿ ರಾಜಾಬಾಯಿ ಗೋಪುರವನ್ನು ತಲೆಯೆತ್ತಿ ನೋಡದ ಕನ್ನಡಿಗರು ನಮ್ಮಲ್ಲಿ ವಿರಳ. ಆ ಗೋಪುರಕ್ಕೂ ಅದರ ಬುಡದ ಗ್ರಂಥಾಲಯಕ್ಕೂ ಸೇರಿ 4 ಲಕ್ಷ ರೂಪಾಯಿ ಕೊಟ್ಟ ಪ್ರೇಮಚಂದ ರಾಯಚಂದರನ್ನೂ, ಯಾರ ಹೆಸರು ಅದಕ್ಕೆ ಬಂತೋ ಆ ತಾಯಿಯನ್ನೂ ಎಲ್ಲರೂ ಬಲ್ಲರು. ನಾವಿಲ್ಲಿ ನೆನೆಯಹೊರಟಿರುವುದು ಗೋಪುರವನ್ನಲ್ಲ, ಅದರ ನೆರಳಿನಲ್ಲಿ ಲೇಖನಿ ಹಿಡಿದು ಕುಳಿತಿದ್ದವರನ್ನು.

ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಹುಟ್ಟಿದಾಗ ಅದಕ್ಕೆ ಸ್ವಂತ ಕಟ್ಟಡವಿರಲಿಲ್ಲ. 1874ರವರೆಗೆ ಟೌನ್ ಹಾಲಿನಲ್ಲಿಯೇ ಅದರ ಬಿಡಾರ. ಅಧ್ಯಾಪಕರೂ ಇರಲಿಲ್ಲ! ಲಂಡನ್ ವಿಶ್ವವಿದ್ಯಾಲಯದ ಮಾದರಿಯಂತೆ ಪಾಠವೆಲ್ಲ ಕಾಲೇಜುಗಳಲ್ಲಿ. ಪರೀಕ್ಷೆ ನಡೆಸುವುದು, ಪದವಿ ಕೊಡುವುದು ಮಾತ್ರ ವಿಶ್ವವಿದ್ಯಾಲಯದ ಕೆಲಸ. ಗುರುಗಳಿಲ್ಲದ ಈ ಗುರುಕುಲದಲ್ಲಿ ರಜಿಸ್ಟ್ರಾರರ ಕಚೇರಿಯೇ ಸರ್ವಸ್ವವೆಂದರೆ ಅತಿಶಯವಲ್ಲ.

ಧಾರವಾಡದಲ್ಲಿ ಕರ್ನಾಟಕ ಕಾಲೇಜು 1917ರಲ್ಲಿ ಬಂತು, ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು 1933ರಲ್ಲಿ. ಓದು ಊರಿಗೆ ಬಂದರೂ ಪದವಿ ಮುಂಬಯಿಯಿಂದಲೇ ಬರಬೇಕು. ಹುಡುಗನು ತುಂಬಿದ ಫಾರ್ಮು ಪ್ರಿನ್ಸಿಪಾಲರ ಸಹಿ ಹೊತ್ತು ಇಲ್ಲಿಗೆ ಬರುತ್ತಿತ್ತು. ಇಲ್ಲಿಯ ಕಾರಕೂನರು ಶುಲ್ಕ ಜಮಾ ಮಾಡಿ, ಪರೀಕ್ಷಾ ಸಂಖ್ಯೆ ಕೊಟ್ಟು, ಪರೀಕ್ಷಕರು ಕಳಿಸಿದ ಅಂಕಗಳನ್ನು ಪಟ್ಟಿಗಿಳಿಸಿ, ಕೂಡಿಸಿ, ಮತ್ತೊಮ್ಮೆ ತಾಳೆ ನೋಡುತ್ತಿದ್ದರು. ಗಣಕಯಂತ್ರವಿಲ್ಲದ ಕಾಲ, ಎಲ್ಲವೂ ಕೈಲೆಕ್ಕ. ಒಂದು ಅಂಕಿ ಸಾಲು ತಪ್ಪಿದರೆ, ಸಾಲ ಮಾಡಿ ಮಗನನ್ನು ಓದಿಸಿದ ಬಡ ತಂದೆಗೆ ಒಂದು ವರ್ಷದ ನಷ್ಟ. ಇಂಥ ಕೆಲಸವನ್ನು 'ಬರೀ ಗುಮಾಸ್ತಗಿರಿ' ಎಂದು ಮೂಗು ಮುರಿಯುವವರ ಮಾತು ನಮಗೆ ಒಪ್ಪಿಗೆಯಿಲ್ಲ.

ಕನ್ನಡಿಗರಿಗೆ ಈ ಕಚೇರಿಗಳ ಹಂಗು ಇನ್ನೊಂದು ಕಾರಣಕ್ಕೂ ಹೆಚ್ಚು. 1956ರ ಏಕೀಕರಣಕ್ಕೆ ಮೊದಲು ನಾಡಿನಂತೆ ನಮ್ಮ ವಿದ್ಯೆಯೂ ಹರಿದು ಹಂಚಿತ್ತು. ಮಂಗಳೂರಿನವರಿಗೆ ಮದರಾಸು, ಕಲಬುರ್ಗಿಯವರಿಗೆ ಹೈದರಾಬಾದಿನ ಉಸ್ಮಾನಿಯಾ, ಮೈಸೂರಿಗರಿಗೆ 1916ರಿಂದ ತಮ್ಮದೇ ವಿಶ್ವವಿದ್ಯಾಲಯ. ತಂದೆಗೆ ವರ್ಗವಾಗಿ ಸಂಸಾರ ಊರು ಬಿಟ್ಟಿತೆಂದರೆ ಮಗನಿಗೆ ಹಳೆಯ ವಿಶ್ವವಿದ್ಯಾಲಯದ ಮೈಗ್ರೇಶನ್ ಪತ್ರ ಬೇಕು, ಹೊಸದರಿಂದ ಅರ್ಹತೆಯ ಪತ್ರ ಬೇಕು. ವಲಸೆ ಬಂದ ಮನೆಗಳಲ್ಲಿ ಈ ಕಾಗದಕ್ಕಿದ್ದ ಬೆಲೆಯನ್ನು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ.

ಸ್ವಾರಸ್ಯದ ಸಂಗತಿಯೆಂದರೆ, ಕರ್ನಾಟಕ ವಿಶ್ವವಿದ್ಯಾಲಯ 1949ರ ಅಕ್ಟೋಬರಿನಲ್ಲಿ ಆರಂಭವಾದುದೂ ಇದೇ ಮುಂಬಯಿಯಲ್ಲಿ. ಮರುವರ್ಷ ಅದು ಧಾರವಾಡಕ್ಕೆ ಹೋಯಿತು. 1950ರ ಮಾರ್ಚಿನಲ್ಲಿ ವಿಧಿಯುಕ್ತ ಉದ್ಘಾಟನೆಯಾಯಿತು. ಧಾರವಾಡದ ಗುಡ್ಡದ ಮೇಲೆ ಅದನ್ನು ಬೆಳೆಸಿದ ಕೀರ್ತಿ ಕುಲಪತಿ ಡಿ. ಸಿ. ಪಾವಟೆಯವರಿಗೆ ನ್ಯಾಯವಾಗಿಯೇ ಸಂದಿದೆ. ಆದರೆ ಅರ್ಜಿ ವಿಂಗಡಿಸಿದವರು, ಪದವಿಪತ್ರದ ಮೇಲೆ ಹೆಸರು ತಿದ್ದಿ ಬರೆದವರು, ಘಟಿಕೋತ್ಸವಕ್ಕೆ ಕುರ್ಚಿ ಎಣಿಸಿದವರು ಯಾವ ಚಿತ್ರಪಟದಲ್ಲಿಯೂ ಇಲ್ಲ.

ಮುಂಬಯಿಯಲ್ಲಾಗಲಿ ಧಾರವಾಡದಲ್ಲಾಗಲಿ ಅಂಥ ಕಚೇರಿಗಳಲ್ಲಿ ದುಡಿದ ಹಿರಿಯರ ಮಕ್ಕಳು, ಮೊಮ್ಮಕ್ಕಳು ನಮ್ಮ ಸಂಘದ ಸದಸ್ಯರಲ್ಲಿ ಇದ್ದರೆ, ಅವರ ಹೆಸರು, ಊರು, ಸೇವೆಯ ವರ್ಷಗಳನ್ನು ಒಂದು ಹಾಳೆಯಲ್ಲಿ ಬರೆದು ಕಳಿಸಬೇಕೆಂದು ಕೋರುತ್ತೇವೆ. ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡಿಸೋಣ.