ಹಾರ್ನೆಸ್ ಯುವರ್ ಹೋಪ್ಸ್: ಕೈಬಿಟ್ಟ ಹಾಡು ಮೇಲೆದ್ದಿದ್ದು ಹೇಗೆ?

ಕ್ಯಾಲಿಫೋರ್ನಿಯಾದ ಇಂಡಿ ರಾಕ್ ತಂಡ ಪೇವ್‌ಮೆಂಟ್, 1997ರ ‘ಬ್ರೈಟನ್ ದ ಕಾರ್ನರ್ಸ್’ ಆಲ್ಬಮ್‌ ಹೊತ್ತಲ್ಲಿ ರೆಕಾರ್ಡ್ ಮಾಡಿ ಕೈಬಿಟ್ಟ ಹಾಡಿದು. 1999ರಲ್ಲಿ ‘ಸ್ಪಿಟ್ ಆನ್ ಎ ಸ್ಟ್ರೇಂಜರ್’ ಇಪಿಯಲ್ಲಿ ಬಂದಾಗಲೂ ಹೆಚ್ಚು ಜನ ಗಮನಿಸಲಿಲ್ಲ. ಅದೇ ವರ್ಷ ತಂಡವೂ ಒಡೆಯಿತು.

ಆದರೆ 2020ರ ಹೊತ್ತಿಗೆ ಸ್ಪಾಟಿಫೈನಲ್ಲಿ ಜನ ಅತಿ ಹೆಚ್ಚು ಕೇಳಿದ ಪೇವ್‌ಮೆಂಟ್ ಹಾಡು ಇದೇ. 1994ರ ಹಿಟ್ ‘ಕಟ್ ಯುವರ್ ಹೇರ್’ ಕೂಡ ಹಿಂದೆ ಬಿತ್ತು.

ಕಾರಣ ಕೇಳಿದರೆ ಹಲವರು ಬೊಟ್ಟು ಮಾಡೋದು ಆಟೊಪ್ಲೇ ಕಡೆಗೆ: ನೀವು ಆರಿಸಿದ ಹಾಡು ಮುಗಿದರೆ, ಅದನ್ನೇ ಹೋಲುವ ಇನ್ನೊಂದನ್ನು ಆ್ಯಪ್ ತಾನೇ ಹಾಕುತ್ತೆ. ಟಿಕ್‌ಟಾಕ್ ಹುಚ್ಚು ಆಮೇಲಿನದು. 2022ರಲ್ಲಿ ಹಾಡಿಗೆ ವಿಡಿಯೊನೂ ಬಂತು.

ಮೂಲೆಗೆ ಬಿದ್ದಿದ್ದ ಹಾಡು ಗೆದ್ದಿದ್ದು ಖುಷಿನೇ. ಆದರೆ ಅದನ್ನು ಎತ್ತಿಕೊಟ್ಟ ಲೆಕ್ಕಾಚಾರ ಇರೋದು ಒಂದು ಕಂಪನಿಯ ಕೈಲಿ. ನಮ್ಮ ಸುದ್ದಿ ಫೀಡ್‌ ತುಂಬೋದೂ ಹೀಗೇ ಅಲ್ವಾ?